ರೊಟ್ಟಿಯ ಅರಿವೆ ಕಟ್ಟಿಕೊಂಡು ಕೆನಡಾ ಪರ ಆಡಿದವರು

ಟೊರಾಂಟೊ ಸುತ್ತಲಿನ ಕನ್ನಡಿಗರಲ್ಲಿ ಎಂಜಿನಿಯರುಗಳಿಗೆ ಬರವಿಲ್ಲ, ಭಾಷಣಕಾರರಿಗಂತೂ ಮೊದಲೇ ಇಲ್ಲ. ಆದರೆ ಕೆನಡಾದ ಕೆಂಪಂಗಿ ತೊಟ್ಟು ಈ ದೇಶದ ಪರವಾಗಿ ಫುಟ್‌ಬಾಲ್ ಆಡಿದವರು ನಮ್ಮಲ್ಲಿ ಶ್ರೀ ನಿಜಗುಣ ಅವರೊಬ್ಬರೇ. ಅರವತ್ತು ತುಂಬಿ, ನಮ್ಮ ಕ್ಲಬ್ಬಿನ ತರಬೇತುದಾರರ ಹೊಣೆಯನ್ನು ಅವರು ಕೆಳಗಿಳಿಸುತ್ತಿರುವ ಈ ಹೊತ್ತಿನಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ, ಅವರ ಹಿಂದೆ ಗೋಲ್‌ಕೀಪರನಾಗಿ ನಿಂತು ಚೆಂಡಿಗೆ ಧಾರಾಳವಾಗಿ ದಾರಿ ಬಿಟ್ಟುಕೊಟ್ಟ ನನಗೆ ದೊರೆತಿದೆ.

ಬೆಳಗಾವಿಯ ಮೈದಾನಗಳಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ನಿಜಗುಣ ಅವರು ತೊಂಬತ್ತರ ದಶಕದ ಆರಂಭದಲ್ಲಿ ಅಣ್ಣನ ಬೆನ್ನಿಗೆ ಇಲ್ಲಿಗೆ ಬಂದರು. ವಾರವಿಡೀ ಟೊರಾಂಟೊ ಪಕ್ಕದ ಬೋಲ್ಟನ್ನಿನ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು, ಭಾನುವಾರ ಮೈಸೂರು ಕಡೆಯ ನಮ್ಮಂಥ ಸಾಫ್ಟ್‌ವೇರಿನವರೊಡನೆ ಆಡುತ್ತಿದ್ದರು. ಅವರ ಎಡಗಾಲಿನ ಆಟ ಕಂಡ ಸ್ಥಳೀಯ ಕ್ಲಬ್ಬೊಂದು ಸೇರಿಸಿಕೊಂಡಿತು. ಪೌರತ್ವ ಬಂದ ಮೇಲೆ ರಾಷ್ಟ್ರೀಯ ತಂಡದಿಂದಲೇ ಕರೆ ಬಂತು.

ಆ ಮೊದಲ ಪಂದ್ಯವನ್ನು ನಾನು ಮರೆಯಲಾರೆ. ಅವರ ಕೊರಳಿನ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಮೈಮೇಲೆ ಲೋಹದ್ದೇನೂ ಇರಕೂಡದೆಂದು ರೆಫರಿ ಗೆರೆಯ ಬಳಿಯೇ ತಡೆದರು. ದೀಕ್ಷೆಯಲ್ಲಿ ಪಡೆದ ಲಿಂಗವನ್ನು ಉಸಿರಿರುವತನಕ ಮೈಯಿಂದ ಅಗಲಿಸಬಾರದೆಂಬುದು ಇವರ ವ್ರತ. ಬರೀ ಒಂದೂವರೆ ಗಂಟೆ ತೆಗೆದಿಡೆಂದು ತಂಡದವರು ಅಂಗಲಾಚಿದರು. ಇವರು ಪ್ರೇಕ್ಷಕರ ಕಟಕಟೆಯ ಬಳಿ ಬಂದು, ನನ್ನ ಪಕ್ಕದಲ್ಲಿ ಕುಳಿತಿದ್ದ ಪತ್ನಿ ಗಿರಿಜವ್ವನವರಿಗೆ ಆಡುವುದು ಆಗದೆಂದು ತಿಳಿಸಿ, ಬೂಟಿನ ದಾರ ಬಿಚ್ಚತೊಡಗಿದರು. ನನಗೆ ಅಳುವೇ ಬಂದಿತ್ತು.

ಗಿರಿಜವ್ವನವರು ತಾವು ತಂದ ಬುತ್ತಿ ಬಿಚ್ಚಿ, ಜೋಳದ ರೊಟ್ಟಿ, ಶೇಂಗಾ ಚಟ್ನಿಗಳನ್ನು ನನ್ನ ತೊಡೆಯ ಮೇಲಿಟ್ಟು, ಅವನ್ನು ಕಟ್ಟಿದ್ದ ಅರಿವೆಯನ್ನು ಗಂಡನತ್ತ ಚಾಚಿದರು. ಬೆಳ್ಳಿಯ ಕರಡಿಗೆ ತಮ್ಮ ಬಳಿಯಿರಲಿ, ಲಿಂಗವನ್ನು ಇದರಲ್ಲಿ ಸುತ್ತಿ ರಟ್ಟೆಗೆ ಕಟ್ಟಿಕೊಳ್ಳಿ ಎಂದರು. ಇವರು ಅನುಮಾನಿಸಿದರು.

"ರೊಟ್ಟಿ ಕಟ್ಟಿದ ಅರಿವ್ಯಾಗ ಲಿಂಗ ಕಟ್ಟೂದೇನ?"

"ರೊಟ್ಟಿ ಪ್ರಸಾದ ಅಲ್ಲೇನ್ರಿ? ಕಟ್ಟಕೊಂಡು ಆಡ್ರಿ."

ರೆಫರಿ ರಟ್ಟೆಯನ್ನು ಒತ್ತಿ ನೋಡಿ, ಮೆತ್ತಗಿದೆಯೆಂದು ತಲೆಯಾಡಿಸಿದರು. ನಿಜಗುಣ ಅವರು ಅಂದು ಗೋಲು ಹೊಡೆಯಲಿಲ್ಲ, ಹೊಡೆಸಿದರು. ನಾನು ಹಾರಿ ಕುಣಿದ ಭರದಲ್ಲಿ ಶೇಂಗಾ ಚಟ್ನಿಯೆಲ್ಲ ನನ್ನ ಹೊಸ ಪ್ಯಾಂಟಿನ ಪಾಲಾಯಿತು.

ಮುಂದೆ ಹಲವು ವರ್ಷ ದೇಶಕ್ಕಾಗಿ ಆಡಿ, ಮೊಣಕಾಲು ಮುಷ್ಕರ ಹೂಡಿದ ಮೇಲೆ ನಮ್ಮ ಮಕ್ಕಳನ್ನು ತಿದ್ದಲು ನಿಂತರು. ಆ ಅರಿವೆ ಒಗೆದು ಮಡಿಸಿದ ಸ್ಥಿತಿಯಲ್ಲಿ ಅವರ ಚೀಲದಲ್ಲಿ ಸದಾ ಇರುತ್ತಿತ್ತು. ನನ್ನ ಮಗಳು ಸಂಜನಾ ಮೊದಲ ಪಂದ್ಯದ ದಿನ ಅಜ್ಜಿ ಕಟ್ಟಿದ ತಾಯಿತ ಬಿಚ್ಚಲು ಹೋಗಿ, "ಇಟ್ಸ್ ಫೈನ್, ಅಂಕಲ್" ಎಂದು ಕಣ್ಣು ತುಂಬಿಕೊಂಡಿದ್ದಳು. ಅವರು ಹುಲ್ಲಿನ ಮೇಲೆಯೇ ಕುಳಿತು, ದಾರವನ್ನಷ್ಟೇ ಅವಳ ತೋಳಿಗೆ ಉಳಿಸಿ, ಲೋಹದ ತಾಯಿತವನ್ನು ಆ ಅರಿವೆಯಲ್ಲಿ ಸುತ್ತಿ, ಆಟ ಮುಗಿಯುವವರೆಗೆ ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಈ ಉಪಕಾರಕ್ಕೆ ನಾನು ಚಿರಋಣಿ.

ಗಿರಿಜವ್ವನವರು ಮಾತ್ರ ತಮ್ಮ ಅರಿವೆಯನ್ನು ಇಂದಿಗೂ ಕೇಳುತ್ತಲೇ ಇದ್ದಾರೆ. ಆದ್ದರಿಂದ ಈ ಸಮಾರಂಭದಲ್ಲಿ ನಿಜಗುಣ ಅವರಿಗೆ ಶಾಲು ಹೊದಿಸಿ, ಆ ತಾಯಿಗೆ ಅರಿವೆ ಹಿಂದಿರುಗಿಸುವುದೆಂದು ನಿಶ್ಚಯಿಸಿದ್ದೇವೆ. ನಿವೃತ್ತಿಯ ನಂತರ ಅವರು ಮೈದಾನದ ಕಡೆ ಸುಳಿಯುವರೋ ಇಲ್ಲವೋ ಎಂಬ ಅಳುಕು ನಮಗೆಲ್ಲ ಇತ್ತು. ಅರಿವೆ ಹಿಂದಿರುಗಿಸುವ ವಿಷಯ ತಿಳಿಸಿದಾಗ ಅವರು ನನಗೆ ಹೇಳಿದರು: "ಕೊಟ್ಟಬಿಡ್ರಿ, ವೇಣುಗೋಪಾಲ ಸರ್. ಐತವಾರ ಅದರಾಗ ರೊಟ್ಟಿ ಕಟಗೊಂಡು ಮೈದಾನಕ್ಕ ಬರ್ತಾಳ. ಗಂಟು ಹೊರಾಕ ನಾ ಬರಬೇಕಲ್ಲ."

ಆ ಗಂಟು ಹೊರುವ ಬಲ ಅವರ ತೋಳಿಗೆ ನೂರು ವರ್ಷ ಇರಲಿ; ಈ ಸಲ ಚಟ್ನಿಯನ್ನು ನಾನು ಜೋಪಾನ ಮಾಡುತ್ತೇನೆ.