ಖಂಡೋಬನ ಪಾಲಿನ ಕೂದಲು

ನನ್ನ ಕೂದಲು ನನ್ನದಲ್ಲ, ದೇವರದ್ದು ಎಂಬುದು ನನಗೆ ಗೊತ್ತಾದದ್ದು ಪುಣೆಯ ನಮ್ಮ ಮನೆಯ ಮೆಟ್ಟಿಲ ಮೇಲೆ, ಹಾಲಿನ ಪಾತ್ರೆ ಹಿಡಿದು ನಿಂತಿದ್ದಾಗ. ನಿಮ್ಮ ಮಗ ಕೂದಲು ಯಾಕೆ ಹೀಗೆ ಬಿಟ್ಟಿದ್ದಾನೆ, ನೌಕರಿ ಗೀಕರಿ ಹೋಯಿತೇ ಎಂದು ಕೆಳಮನೆಯ ಮರಾಠಿ ಕಾಕೂ ಅವ್ವನನ್ನು ವಿಚಾರಿಸುತ್ತಿದ್ದರು. ಅವ್ವ ತಡಮಾಡಲಿಲ್ಲ. "ನವಸ್ ಆಹೆ," ಎಂದಳು. ಹರಕೆ ಇದೆ. ಕಾಕೂ ಅಲ್ಲೇ ಕೈ ಮುಗಿದರು. ಮುಗಿದದ್ದು ದೇವರಿಗೋ ನನಗೋ ಸ್ಪಷ್ಟವಾಗಲಿಲ್ಲ. ನಾನು ಹಾಲು ಚೆಲ್ಲದಂತೆ ಒಳಗೆ ಹೋದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಉಪಸಂಪಾದಕನಾಗಿದ್ದೆ. ಕೂದಲು ಬೆಳೆದದ್ದಕ್ಕೆ ನಿಜವಾದ ಕಾರಣವನ್ನು ದಾಖಲೆಗೆ ಇರಲೆಂದು ಹೇಳುತ್ತೇನೆ. ರಾತ್ರಿ ಪಾಳಿ ಮುಗಿಸಿ ಮಲಗಿದವನು ಏಳುತ್ತಿದ್ದದ್ದು ಮಧ್ಯಾಹ್ನಕ್ಕೆ. ಆ ಹೊತ್ತಿಗೆ ಪುಣೆಯ ಅಂಗಡಿಗಳು ಊಟ ಮಾಡಿ ಮಲಗುತ್ತವೆ. ಅವು ಎದ್ದು ಬಾಗಿಲು ತೆರೆಯುವಾಗ ನಾನು ಕಚೇರಿಯಲ್ಲಿ ಇರಬೇಕು. ನನ್ನ ವಾರದ ರಜೆ ಸೋಮವಾರ. ಕಟಿಂಗ್ ಅಂಗಡಿಗಳ ರಜೆಯೂ ಸೋಮವಾರ. ಮೊದಲ ಕೆಲವು ತಿಂಗಳು ಇದು ಬರೀ ಅನಾನುಕೂಲವಾಗಿತ್ತು. ಒಂದು ದಿನ ಕನ್ನಡಿ ನೋಡಿಕೊಂಡಾಗ ಚೆನ್ನಾಗಿ ಕಾಣಿಸಿತು. ಅಂದಿನಿಂದ ಅದು ನಿರ್ಧಾರವಾಯಿತು. ಹೆಗಲು ದಾಟಿದ ಮೇಲೆ ಸುದ್ದಿಯ ಕಾಗದದ ಸುರುಳಿಗೆ ಹಾಕುವ ರಬ್ಬರ್ ಬ್ಯಾಂಡಿನಿಂದ ಕಟ್ಟಿಕೊಳ್ಳತೊಡಗಿದೆ.

ನಗರದ ಬಸ್ಸಿನಲ್ಲಿ ಕಂಡಕ್ಟರ್ ಬೆನ್ನ ಹಿಂದಿನಿಂದ "ತಾಯಿ, ಪುಢೆ ಸರಕಾ," ಅನ್ನುತ್ತಿದ್ದ. ನಾನು ತಿರುಗುತ್ತಿದ್ದೆ. ಅವನು ನನ್ನ ಮೀಸೆ ನೋಡಿ, ಸ್ವಲ್ಪ ಯೋಚಿಸಿ, "ಸಾಹೇಬ್, ಪುಢೆ ಸರಕಾ," ಅನ್ನುತ್ತಿದ್ದ. ಗಂಡಾದರೂ ಹೆಣ್ಣಾದರೂ ಮುಂದೆ ಸರಿಯುವುದಂತೂ ತಪ್ಪುತ್ತಿರಲಿಲ್ಲ.

ಹರಕೆಯ ಸುದ್ದಿ ಹೊರಬಿದ್ದ ಮೇಲೆ ನನ್ನ ಸ್ಥಾನಮಾನ ಬದಲಾಯಿತು. ನಿನ್ನೆಯವರೆಗೆ ನನ್ನನ್ನು ಕಂಡರೆ ಮಗಳನ್ನು ಒಳಗೆ ಕರೆಯುತ್ತಿದ್ದ ಕಾಕೂ ಈಗ ಸತ್ಯನಾರಾಯಣ ಪೂಜೆಯ ಪ್ರಸಾದವನ್ನು ಮೊದಲು ನನಗೆ ಕಳಿಸಿದರು. ಪಾಸ್‌ಪೋರ್ಟ್ ವಿಚಾರಣೆಗೆ ಮನೆಗೆ ಬಂದ ಪೊಲೀಸಿನವನು ಫೋಟೋ ನೋಡಿ ಹುಬ್ಬೇರಿಸಿದ; ಅವ್ವ ಅವನಿಗೂ ಅದೇ ಎರಡು ಶಬ್ದ ಹೇಳಿದಳು. ಅವನು ಟೋಪಿ ತೆಗೆದು, ಚಹಾ ಕುಡಿದು, ಹುಡುಗ ಸಜ್ಜನ ಎಂದು ಹೇಳಿ ಹೋದ. ಅದೇ ತಲೆ, ಅದೇ ರಬ್ಬರ್ ಬ್ಯಾಂಡು.

ಸುದ್ದಿ ಹೇಗೆ ಬೆಳೆಯುತ್ತದೆ ಎಂಬುದನ್ನು ಕಚೇರಿಗಿಂತ ಚೆನ್ನಾಗಿ ನಾನು ಮನೆಯಲ್ಲೇ ಕಲಿತೆ. ಯಾವುದಕ್ಕಾಗಿ ಹರಕೆ ಎಂದು ಅವ್ವ ಹೇಳಿರಲಿಲ್ಲ. ಆ ಖಾಲಿ ಜಾಗವನ್ನು ಊರೂರಿನ ನಮ್ಮ ನೆಂಟರು ತಮಗೆ ತಿಳಿದಂತೆ ತುಂಬಿದರು. ಬೆಳಗಾವಿಯ ಆವೃತ್ತಿಯಲ್ಲಿ ಅದು ನನ್ನ ಮದುವೆಗಾಗಿ ಇತ್ತು. ಹುಬ್ಬಳ್ಳಿಯ ಆವೃತ್ತಿಯಲ್ಲಿ ಅಪ್ಪನ ಮೊಣಕಾಲು ನೋವಿಗಾಗಿ. ಧಾರವಾಡಕ್ಕೆ ಮುಟ್ಟುವ ಹೊತ್ತಿಗೆ ದೇವರ ಹೆಸರೂ ಬೇಕಾಯಿತು. ಅಪ್ಪನ ಅಕ್ಕ, ನನ್ನ ಸೋದರತ್ತೆ, ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಯಾವ ದೇವರಿಗೆ ಎಂದು ಕೇಳಿದರು. ಸಿಕ್ಕಿಬಿದ್ದ ಅವ್ವ, ಹತ್ತಿರ ಇರುವವನು ಅನುಕೂಲ ಎಂದೋ ಏನೋ, ಜೇಜುರಿ ಖಂಡೋಬಾ ಎಂದಳು. ನಮ್ಮ ಮನೆದೇವರೂ ಅವನೇ. ಅತ್ತೆ ತೃಪ್ತಿಯಿಂದ ಫೋನು ಇಟ್ಟರು.

ಅತ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮನೆತನದ ದೇವರುಗಳ ಲೆಕ್ಕವೆಲ್ಲ ಅವರ ಬಾಯಲ್ಲಿತ್ತು. ಯಾರು ಎಲ್ಲಿ ಏನು ಬೇಡಿಕೊಂಡಿದ್ದರು, ಯಾರು ತೀರಿಸದೆ ಹೋದರು, ಆಮೇಲೆ ಅವರಿಗೆ ಏನಾಯಿತು, ಎಲ್ಲ ಗೊತ್ತಿತ್ತು. ಅವರು ಬೆಳೆದದ್ದು ತಮ್ಮ ಅಜ್ಜಿಯ ಮಡಿಲಲ್ಲಿ. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಆ ಕಾಲದ ಪದ್ಧತಿಯಂತೆ ತಲೆ ಬೋಳಿಸಿ ಕೆಂಪು ಸೀರೆಯ ಸೆರಗು ಹೊದಿಸಿದ್ದ ಆ ಅಜ್ಜಿಯ ಫೋಟೋ ಧಾರವಾಡದ ಮನೆಯ ಪಡಸಾಲೆಯಲ್ಲಿತ್ತು. ನಾವು ಮಕ್ಕಳು ಅದರ ಕೆಳಗೆ ಕೂತು ಅವಲಕ್ಕಿ ತಿನ್ನುತ್ತಿದ್ದೆವು. ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಇದೇ ಕಾಲದಲ್ಲಿ ನಾನು ಇಟಾಲಿಯನ್ ಕಲಿಯುತ್ತಿದ್ದೆ. ಶಿವಾಜಿನಗರದಲ್ಲಿ ಕೋರ್ಟಿನ ಹಿಂದಿನ ಗಲ್ಲಿಯ ಟೈಪಿಂಗ್ ಕ್ಲಾಸಿನ ಮೇಲೆ ಒಂದು ಕೋಣೆ. ವಾರಕ್ಕೆರಡು ಬೆಳಗು ಕಣ್ಣುಜ್ಜಿಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಕಲಿಸುತ್ತಿದ್ದವರು ಒಬ್ಬ ಇಟಲಿಯವರು. ಶಾಂತಿ ಹುಡುಕಿಕೊಂಡು ಪುಣೆಗೆ ಬಂದು, ಕೆಂಪು ನಿಲುವಂಗಿ ತೊಟ್ಟು, ತಲೆ ನುಣ್ಣಗೆ ಬೋಳಿಸಿಕೊಂಡಿದ್ದರು. ದೇಹದ ಅಂಗಗಳ ಪಾಠ ಬಂದಾಗ ಕಣ್ಣು, ಕಿವಿ, ಮೂಗುಗಳನ್ನು ತಮ್ಮ ಮುಖದ ಮೇಲೆಯೇ ತೋರಿಸಿದರು. ಕೂದಲಿಗೆ ಬಂದಾಗ ನನ್ನನ್ನು ಎದುರಿಗೆ ಕರೆದು ನಿಲ್ಲಿಸಿದರು. ಉದ್ದ, ಕಪ್ಪು, ನೇರ ಎಂಬ ಮೂರು ವಿಶೇಷಣಗಳನ್ನು ಇಡೀ ಕ್ಲಾಸು ನನ್ನ ತಲೆ ನೋಡಿ ಬಾಯಿಪಾಠ ಮಾಡಿತು.

ಒಮ್ಮೆ ಅವರನ್ನು ಚಹಾಕ್ಕೆ ಮನೆಗೆ ಕರೆತಂದೆ. ಅವರು ಹೋದ ಮೇಲೆ ಅವ್ವ ಕಪ್ಪು ತೊಳೆಯುತ್ತ, "ಅವ್ರು ಬೋಳಿಸ್ಕೊಂಡು ಇಲ್ಲಿಗೆ ಬರ್ತಾರ, ನೀ ಬೆಳಸ್ಕೊಂಡು ಅಲ್ಲಿಗೆ ಹೊಂಟಿ. ನಡುವ ಎಲ್ಲರೆ ನಿಂತು ಒಬ್ರಿಗೊಬ್ರು ಕೇಳ್ಕೊಂಡಿದ್ರ ಟಿಕೀಟರ ಉಳೀತಿತ್ತು," ಅಂದಳು.

ಹೊರಟದ್ದಂತೂ ನಿಜವಾಯಿತು. ಇಟಲಿಯ ಪೆರೂಜಾ ಎಂಬ ಗುಡ್ಡದೂರಿನಲ್ಲಿ ಒಂದು ಬೇಸಿಗೆಯ ಭಾಷಾ ಕೋರ್ಸಿಗೆ ನನಗೆ ಸೀಟು ಸಿಕ್ಕಿತು, ವೀಸಾ ಬಂತು. ಈ ಸುದ್ದಿ ಧಾರವಾಡಕ್ಕೆ ತಲುಪಿದೊಡನೆ ಹರಕೆಯ ಖಾಲಿ ಜಾಗ ಶಾಶ್ವತವಾಗಿ ತುಂಬಿಹೋಯಿತು. ಹುಡುಗ ಪರದೇಶಕ್ಕೆ ಹೋಗಲೆಂದು ಬೇಡಿಕೊಂಡಿದ್ದ, ಖಂಡೋಬಾ ನಡೆಸಿಕೊಟ್ಟ, ಸಮುದ್ರ ದಾಟುವ ಮೊದಲು ಮುಡಿ ಒಪ್ಪಿಸಬೇಕು. ಬೆಳಗಾವಿ, ಹುಬ್ಬಳ್ಳಿಗಳು ತಮ್ಮ ಹಳೆಯ ಆವೃತ್ತಿ ಹಿಂತೆಗೆದುಕೊಂಡವು. ತಿದ್ದುಪಡಿ ಮಾತ್ರ ಯಾರೂ ಪ್ರಕಟಿಸಲಿಲ್ಲ. ಮರುವಾರ ಅತ್ತೆ ಒಂದು ಚೀಲ, ಒಂದು ಡಬ್ಬಿ ಪೇಢೆಯ ಸಮೇತ ರೈಲು ಇಳಿದರು.

ನಾನು ಸಾಕ್ಷ್ಯ ಮುಂದಿಟ್ಟೆ. ಪಾಸ್‌ಪೋರ್ಟ್ ತೆರೆದು ಹೆಗಲ ಕೆಳಗೆ ಕೂದಲು ಇಳಿಬಿಟ್ಟ ನನ್ನ ಫೋಟೋ ತೋರಿಸಿದೆ. ತಲೆ ಬೋಳಿಸಿಕೊಂಡು ಹೋದರೆ ವಿಮಾನ ನಿಲ್ದಾಣದಲ್ಲಿ ತಡೆದು ಪ್ರಶ್ನೆ ಕೇಳಬಹುದು ಎಂದು ಟಿಕೆಟ್ ಮಾಡಿಸಿಕೊಟ್ಟವನು ಹೇಳಿದ್ದನ್ನು, ಅವನು ಹೇಳಿದಷ್ಟನ್ನೇ, ಹೇಳಿದೆ.

ಅತ್ತೆ ಕನ್ನಡಕ ಏರಿಸಿ ಫೋಟೋ ನೋಡಿದರು. "ಮಾರಿ ಇದ ಅದಲ್ಲೋ? ಕೂದಲಕ್ಕೇನು ಪಾಸ್‌ಪೋರ್ಟ್ ಕೊಟ್ಟಾರೇನು?"

ಸರ್ಕಾರಿ ಲೆಕ್ಕಪತ್ರ ಕಚೇರಿಯಿಂದ ನಿವೃತ್ತರಾಗಿದ್ದ ಅಪ್ಪ, ದಾಖಲೆಯಲ್ಲಿ ಇದ್ದ ಹಾಗೆ ಇರುವುದು ಒಳ್ಳೆಯದು ಎಂದು ಸಣ್ಣ ಸ್ವರದಲ್ಲಿ ಅಭಿಪ್ರಾಯಪಟ್ಟರು. ಹರಕೆಯೂ ದಾಖಲೆಯೇ ಎಂದು ಅವರ ಅಕ್ಕ ಅಂದರು. ಅಪ್ಪ ಪೇಪರು ಎತ್ತಿಕೊಂಡರು.

ನಾನು ಅವ್ವನ ಹಿಂದೆ ಅಡುಗೆಮನೆಗೆ ಹೋದೆ. ಹರಕೆಯೇ ಇರಲಿಲ್ಲ ಎಂದು ಒಂದು ಮಾತು ಹೇಳಿಬಿಡು ಅಂದೆ.

"ನಾ ಸುಮ್ನ ಬಾಯಿಗೆ ಬಂದದ್ದು ಅಂದೆ," ಅವ್ವ ಒಲೆಯ ಕಡೆ ಮುಖ ಮಾಡಿ ಪಿಸುಗುಟ್ಟಿದಳು. "ನಿನ್ನ ಒಬ್ರೊಬ್ರು ಒಂದೊಂದು ಅಂತಿದ್ರು, ಕೇಳ್ಲಿಕ್ಕೆ ಆಗ್ತಿರ್ಲಿಲ್ಲ. ಈಗ ಇಲ್ಲಂದ್ರ ದೇವರ ಹೆಸರಿಲೆ ಸುಳ್ಳು ಹೇಳಿದಾಕಿ ಅಂತಾರ. ನಿಮ್ಮ ಅತ್ಯಾನ ಮುಂದ ನಾ ಇನ್ನ ತಲಿ ಎತ್ತಂಗಿಲ್ಲ."

ಪರಿಸ್ಥಿತಿ ಸರಳವಾಗಿತ್ತು. ಎರಡು ತಲೆಗಳಲ್ಲಿ ಒಂದು ಹೋಗಬೇಕು. ನನ್ನದು ಕತ್ತಿಯ ಕೆಳಗೆ, ಇಲ್ಲವೇ ಅವ್ವನದು ಅತ್ತೆಯ ಮುಂದೆ. ನನ್ನದು ಮತ್ತೆ ಬೆಳೆಯುತ್ತದೆ ಎಂದು ಅಪ್ಪ ಪೇಪರಿನ ಹಿಂದಿನಿಂದ ಹೇಳಿದರು. ಅದು ನನಗೂ ಗೊತ್ತಿತ್ತು. ಬೆಳೆಯುವ ತನಕ ಇಟಲಿ ಕಾಯುತ್ತದೆಯೇ ಎಂಬುದು ಗೊತ್ತಿರಲಿಲ್ಲ.

ರವಿವಾರ ಜೇಜುರಿಗೆ ಹೊರಟೆವು. ಅಪ್ಪ ಮೊಣಕಾಲಿನ ಕಾರಣ ಕೊಟ್ಟು ಮನೆಯಲ್ಲಿ ಉಳಿದರು. ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರ್ ನನ್ನ ಬೆನ್ನು ನೋಡಿ ಅತ್ತೆಗೆ ಸೌಜನ್ಯದಿಂದ, "ಆಜಿ, ಮುಲೀಲಾ ಖಿಡಕೀಪಾಶಿ ಬಸವಾ," ಅಂದ. ಹುಡುಗಿಯನ್ನು ಕಿಟಕಿಯ ಹತ್ತಿರ ಕೂಡಿಸಿ. ಅತ್ತೆ ಅವನನ್ನು ತಿದ್ದಲಿಲ್ಲ. ನನ್ನನ್ನು ಕಿಟಕಿಯ ಹತ್ತಿರ ಕೂಡಿಸಿದರು. ದಾರಿಯಲ್ಲಿ ಗಾಳಿಗೆ ನನ್ನ ಕೂದಲು ಅವರ ಮುಖದ ಮೇಲೆ ಹಾರಿದಾಗಲೆಲ್ಲ ಬೈಯದೆ ಸರಿಸಿದರು. ಒಂದು ಸಲ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದರು.

ಬಸ್ಸು ಇಳಿದ ಮೇಲೆ ಅವರ ಹುರುಪು ತಿರುಗಿ ಬಂತು. ಭಂಡಾರದ ಅರಿಶಿನ ಕೊಳ್ಳುತ್ತ, "ಖಂಡೋಬಾ ಅಂದ್ರ ನಮ್ಮ ಮೈಲಾರಪ್ಪನ. ಅವ ನಮ್ಮ ಕಡಿಯಾವ. ಇಲ್ಲಿಗೆ ಬಂದು ಮರಾಠಿ ಕಲ್ತಾನ," ಎಂದು ನನಗೆ ತಿಳಿಹೇಳಿದರು. ದೇವರು ಪರಭಾಷೆ ಕಲಿತು ಪರಸ್ಥಳದಲ್ಲಿ ನೆಲೆಯಾಗಿದ್ದು ಅವರಿಗೆ ಹೆಮ್ಮೆಯ ಸಂಗತಿ. ನನ್ನ ಇಟಾಲಿಯನ್ ಅವರಿಗೆ ದುಂದು.

ಗುಡ್ಡದ ಮೇಲಿನ ಗುಡಿಗೆ ಹತ್ತುವ ಮೆಟ್ಟಿಲುಗಳ ಕೆಳಗೆ ಮುಡಿ ತೆಗೆಯುವ ಕ್ಷೌರಿಕರು ಸಾಲಾಗಿ ಕೂತಿದ್ದರು. ಅತ್ತೆ ಎಲ್ಲರ ಕತ್ತಿಗಳನ್ನೂ ಪರೀಕ್ಷಿಸಿ ಒಬ್ಬನನ್ನು ಆರಿಸಿದರು. ನಾನು ಅವನೆದುರು ಮಣೆಯ ಮೇಲೆ ಕೂತು ರಬ್ಬರ್ ಬ್ಯಾಂಡು ತೆಗೆದೆ. ಕೂದಲು ಬೆನ್ನ ಮೇಲೆ ಬಿತ್ತು. ಅವನು ತಂಬಿಗೆಯ ನೀರು ಕೈಯಲ್ಲಿ ತೆಗೆದುಕೊಂಡು, ಹಾಕದೆ ಹಾಗೇ ನಿಂತ.

"ಸಗಳೇ?" ಅಂದ. ಎಲ್ಲವನ್ನೂ?

ಅತ್ತೆ ಹೌದೆನ್ನಲಿಲ್ಲ. ಆ ಬಿಡುವಿನಲ್ಲಿ ಅವ್ವ ಬಾಯಿ ತೆರೆದಳು. ಗಂಡನ ಅಕ್ಕನೆದುರು ಅವಳು ದೇವರ ವಿಷಯ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

"ಅಕ್ಕಾವ್ರ, ಹೆಣ್ಮಕ್ಕಳು ಮುಡಿ ಕೊಟ್ರ ಪೂರ್ತಿ ಕೊಡೂದಿಲ್ಲಲ್ರಿ. ಮೂರು ಬಟ್ಟಿನಷ್ಟ ಕತ್ತರಿಸಿ ಕೊಡ್ತಾರ."

"ಅದು ಹೆಣ್ಮಕ್ಕಳ ಮಾತಾತು. ಇಂವ ಗಂಡಸು."

"ಜಡಿ ಹಾಕೂವಷ್ಟು ಉದ್ದ ಇರ್ತದ ಅಂತ ಅವ್ರಿಗೆ ಹಂಗ ಮಾಡ್ಯಾರ್ರಿ. ಇವಂದೂ ಅಷ್ಟ ಅದ. ಬಸ್ಸಿನಾಂವನೂ ಹುಡುಗಿ ಅಂದ."

ಇಷ್ಟು ವರ್ಷ ನನ್ನನ್ನು ರೇಗಿಸಲು ಊರೆಲ್ಲ ಬಳಸಿದ ಮಾತನ್ನು ಅವ್ವ ಶಾಸ್ತ್ರವಾಗಿ ಮಾರ್ಪಡಿಸಿದ್ದಳು. ಅತ್ತೆ ಬಗ್ಗಿ ನನ್ನ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ತೂಗಿ ನೋಡಿದರು. ಅವರದ್ದು ನೆರೆತು ಅಡಿಕೆಯಷ್ಟು ಗಂಟಾಗಿತ್ತು. ಆಮೇಲೆ ನನ್ನ ಮುಖ ನೋಡಿ ಕೇಳಿದರು.

"ನಿನಗ ಮನಸ್ಸದನೋ, ಇಲ್ಲೋ?"

ಆ ಪ್ರಶ್ನೆಯನ್ನು ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ನಾನು ಅವ್ವನ ಕಡೆ ನೋಡಿದೆ. ಅವಳು ಭಂಡಾರದ ಪೊಟ್ಟಣದ ದಾರ ಬಿಚ್ಚುತ್ತಿದ್ದಳು. ನಾನು ತಲೆಯ ಮೇಲೆ ಕೈ ಇಟ್ಟುಕೊಂಡೆ.

"ಆತು ಬಿಡು," ಅತ್ತೆ ಅಂದರು. "ನಮ್ಮ ಅಜ್ಜೀಗೆ ಹಿತ್ತಲ ಬಾಗಲಕ್ಕ ಕ್ಷೌರದಾಂವ ಬರ್ತಿದ್ದ. ಪ್ರತಿ ಸಲ ಒಲ್ಲೆ ಅಂತಿದ್ಲು. ಒಲ್ಲೆ ಅಂದವರ ತಲಿ ಬೋಳಿಸಿದ್ದು ಒಂದು ಮನಿಗೆ ಒಮ್ಮೆ ಸಾಕು."

ಮತ್ತೆ ಕ್ಷೌರಿಕನ ಕಡೆ ತಿರುಗಿ, ತಮ್ಮ ಕೈಯ ಮೂರು ಬೆರಳು ಜೋಡಿಸಿ ಹಿಡಿದರು. "ತೀನ ಬೋಟಂ."

ಅವನು ಕತ್ತಿ ಇಟ್ಟು ಕತ್ತರಿ ತೆಗೆದುಕೊಂಡ. ಅಳತೆಗೆ ನನ್ನ ಬೆರಳು ಬೇಡ, ತಮ್ಮದೇ ಆಗಬೇಕೆಂದು ಅತ್ತೆ ಹಟ ಹಿಡಿದರು. ಅವರ ಬೆರಳುಗಳು ಬಲು ಸಣ್ಣವು. ದೇವರಿಗೆ ಸಂದದ್ದು ನಾನು ಅಂದುಕೊಂಡದ್ದಕ್ಕಿಂತ ಕಡಿಮೆಯೇ. ಮೇಲೆ ಗುಡಿಯಲ್ಲಿ ಉಳಿದ ಕೂದಲಿನ ಮೇಲೆ ಇಡೀ ಪೊಟ್ಟಣದ ಅರಿಶಿನ ಸುರಿದು ಲೆಕ್ಕ ಸರಿಮಾಡಿದರು. ಧಾರವಾಡಕ್ಕೆ ಹೋದ ಅಧಿಕೃತ ಸುದ್ದಿ: ಮುಡಿ ಸಂದಿದೆ. ಎಷ್ಟು ಎಂದು ಯಾರೂ ಕೇಳಲಿಲ್ಲ.

ಮುಂಬೈ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಫೋಟೋ ನೋಡಿದ, ನನ್ನನ್ನು ನೋಡಿದ. ಆಮೇಲೆ, ಎಷ್ಟು ತೊಳೆದರೂ ಹೋಗದ ನನ್ನ ಕಾಲರಿನ ಹಳದಿಯನ್ನು ನೋಡಿದ. "ಜೇಜುರಿ?" ಅಂದ. ತಲೆಯಾಡಿಸಿದೆ. ಠಸ್ಸೆ ಬಿತ್ತು.

ಪೆರೂಜಾದಲ್ಲಿ ಒಬ್ಬ ವಯಸ್ಸಾದ ವಿಧವೆಯ ಮನೆಯಲ್ಲಿ ಬಾಡಿಗೆಗೆ ಇದ್ದೆ. ಬೀದಿಯಲ್ಲಿ ನನ್ನಂಥ ಕೂದಲಿನವರು ಬೇಕಾದಷ್ಟಿದ್ದರು. ಯಾರೂ ತಿರುಗಿ ನೋಡಲಿಲ್ಲ. ಮನೆಯೊಡತಿ ಮಾತ್ರ ಬಚ್ಚಲಿನ ಬಾಚಣಿಗೆಯಲ್ಲಿ ಹಳದಿ ಕಂಡು, ಇದೇನು, ಕೂದಲು ಯಾಕೆ ಇಷ್ಟು ಉದ್ದ ಎಂದು ಕೇಳಿದಳು. ರಾತ್ರಿ ಪಾಳಿ, ಪುಣೆಯ ಮಧ್ಯಾಹ್ನದ ನಿದ್ದೆ, ಸೋಮವಾರದ ರಜೆ, ಇದನ್ನೆಲ್ಲ ವಿವರಿಸುವಷ್ಟು ಇಟಾಲಿಯನ್ ನನ್ನಲ್ಲಿ ಇರಲಿಲ್ಲ. ಇದ್ದ ಶಬ್ದಗಳಲ್ಲಿ ದೇವರಿಗೆ ಮಾತು ಕೊಟ್ಟಿದ್ದೆ ಅಂದೆ. ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ತನ್ನ ತಾಯಿಯ ಹಳ್ಳಿಯ ಇಗರ್ಜಿಯಲ್ಲಿ ಹರಕೆ ಹೊತ್ತ ಹೆಂಗಸರ ಜಡೆಗಳನ್ನು ಗೋಡೆಗೆ ತೂಗುಹಾಕಿದ್ದರೆಂದು ಹೇಳಿದಳು. ಅಂದು ಸಂಜೆ ನನ್ನ ತಟ್ಟೆಗೆ ಎರಡನೇ ಸಲ ಸೂಪು ಬಿತ್ತು.

ಆ ರವಿವಾರ ಮನೆಗೆ ಫೋನು ಮಾಡಿದಾಗ ಇದನ್ನು ಹೇಳಿದೆ. ಮನೆಯೊಡತಿ ಕೆಳಗಿನ ಅಂಗಡಿಯವನಿಗೂ ಹೇಳಿಬಿಟ್ಟಿದ್ದಾಳೆ, ತಾಯಿಗೆ ಜಡ್ಡಾಗಿತ್ತು, ಅದಕ್ಕೇ ಹುಡುಗ ಹರಕೆ ಹೊತ್ತ ಅಂದಿದ್ದಾಳೆ ಎಂದೂ ಹೇಳಿದೆ. ಆ ಕಡೆಯಿಂದ ಅವ್ವ ಕೇಳಿದಳು.

"ಏನ್ ಜಡ್ಡು ಅಂತ ಹೇಳ್ಯಾಳ?"

ಗೊತ್ತಿಲ್ಲ, ಕೇಳಿಲ್ಲ ಅಂದೆ.

"ಕೇಳಿಟ್ಕೋ," ಅಂದಳು ಅವ್ವ. "ನಾಳೆ ಯಾರರ ಕೇಳಿದ್ರ ನಾನೂ ಅದನ್ನ ಹೇಳಬೇಕಲ್ಲ."