ಅಣ್ಣನ ನಿಬ್ಬಿನ ಸದ್ದು

ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು 'ಕಿವಿ' ಎಂದೇ. ಅಗ್ಗದ ಶಾಯಿ ಪೆನ್ನು ಮಾಡುವ ಮನೆಯ ಕಿರಿಯ ಮಗ. ಅಣ್ಣ ಲೇತಿನಲ್ಲಿ ಎಬೊನೈಟ್ ಎಂಬ ಕಪ್ಪು ಗಟ್ಟಿ ರಬ್ಬರನ್ನು ಕಡೆದು ಪೆನ್ನಿನ ಮೈ ಮಾಡುತ್ತಿದ್ದ, ಇವನು ನಿಬ್ಬು ಕೂರಿಸುತ್ತಿದ್ದ, ಅತ್ತಿಗೆ ಮುಂದಿನ ಕೋಣೆಯಲ್ಲಿ ಮಾರುತ್ತಿದ್ದಳು. ಕೊಳ್ಳುವವರು ಶಾಲೆಯ ಮಕ್ಕಳು, ಗುಮಾಸ್ತರು. ಪಕ್ಕದಲ್ಲೇ ಪುಸ್ತಕಕ್ಕೆ ರಟ್ಟು ಕಟ್ಟುವ ನನ್ನ ಅಂಗಡಿ. ನಡುವಿನ ಗೋಡೆ ಎಷ್ಟು ತೆಳು ಎಂದರೆ, ಅವರ ಮನೆಯ ಜಗಳಕ್ಕೆ ನಾನು ಕೂತಲ್ಲಿಂದಲೇ ತೀರ್ಪು ಹೇಳಬಹುದು.

ನಿಬ್ಬನ್ನು ಅವನು ಕಣ್ಣಿನಿಂದ ನೋಡುವುದು ಕಡಿಮೆ. ಕಾಗದದ ಮೇಲೆ ಸುರುಳಿ ಸುತ್ತುತ್ತಾ, ತಲೆ ವಾಲಿಸಿ ಕೇಳುತ್ತಾನೆ. ಕೆರೆಯುವ ಸದ್ದು ಬಂದರೆ ಪಾಲಿಶ್ ಕಾಗದದ ಮೇಲೆ ತೀಡುತ್ತಾನೆ. ಸದ್ದು ಅಡಗುವವರೆಗೂ ಬಿಡುವುದಿಲ್ಲ. ಹೋಗಲಿ, ತನ್ನ ಪೆನ್ನುಗಳಿಗೆ ಮಾತ್ರವೇ? ಮಾತಿಗೆ ನಿಂತವರ ಜೇಬಿನಿಂದಲೇ ಪೆನ್ನು ಎಳೆದು, ನಿಬ್ಬು ನಯ ಮಾಡಿ, ಮತ್ತೆ ಸಿಕ್ಕಿಸಿ ಕಳಿಸುವ ಆಸಾಮಿ. ನನ್ನದಕ್ಕೂ ಹಾಗೇ ಮಾಡಿದ್ದಾನೆ. ಕಾಸು ಕೇಳುವುದಿಲ್ಲ. ನಮ್ಮ ಒಪ್ಪಿಗೆಯನ್ನೂ ಕೇಳುವುದಿಲ್ಲ.

ಅಣ್ಣನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ನಾಲಿಗೆಯೂ ತಿರುಗದಾಯಿತು. ಹಟವಾದಿ ಮನುಷ್ಯ, ಎಡಗೈಯಲ್ಲಿ ಬರೆಯುವುದನ್ನು ಕಲಿತ. ಎಡಗೈಯವರು ನಿಬ್ಬನ್ನು ಎಳೆಯುವುದಿಲ್ಲ, ನೂಕುತ್ತಾರೆ. ಅವನ ಪೆನ್ನು ಕರ್ ಕರ್ ಎಂದು ಕಾಗದ ಕೆರೆಯುತ್ತಿತ್ತು, ಗೋಡೆಯಾಚೆ ನನಗೂ ಕೇಳುತ್ತಿತ್ತು. ಆ ಸದ್ದೇ ಅವನ ಮಾತು. ಅತ್ತಿಗೆಯನ್ನು ರೇಗಿಸುವುದು, ಲೇತಿಗೆ ಎಣ್ಣೆ ಬಿಡಲಿಲ್ಲವೆಂದು ತಮ್ಮನನ್ನು ಬೈಯುವುದು, ಎಲ್ಲ ಅದರಲ್ಲೇ.

ಆಗಲೇ ಕಿವಿಗೆ ಹೊಸ ಆಸೆ ಹುಟ್ಟಿತು: ಪೆನ್ನಿಗೆ ಚಿನ್ನದ ಬಣ್ಣದ ಕ್ಲಿಪ್ಪು ಹಾಕಿ ಬೆಲೆ ಏರಿಸುವುದು. ನಾನೂ ಅಲ್ಲಿದ್ದ ಒಂದು ದಿನ ದೊಡ್ಡ ಗಿರಾಕಿಯೊಬ್ಬನ ಮುಂದೆ ಅದನ್ನು ಬಣ್ಣಿಸುತ್ತಿದ್ದಾಗ ಮೂಲೆಯಿಂದ ಕರ್ ಕರ್ ಶುರುವಾಯಿತು. ಅಣ್ಣ ಚೀಟಿ ಎತ್ತಿ ಹಿಡಿದ: 'ಪರೀಕ್ಷೆ ಬರೆಯೋ ಮಗೂಗೆ ಚಿನ್ನ ಯಾಕೋ?' ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕು, ಏನೂ ಕೊಳ್ಳದೆ ಹೋದ.

ಮರುದಿನ ಅಣ್ಣ ಸ್ನಾನಕ್ಕೆ ಹೋದಾಗ ಕಿವಿ ಆ ಪೆನ್ನು ತೆಗೆದುಕೊಂಡ. ನಿಬ್ಬು ತೀಡಿದ. ಕೇಳಿದ. ಮತ್ತೆ ತೀಡಿದ. ಸದ್ದು ಸತ್ತಿತು. ಪೆನ್ನನ್ನು ಇದ್ದ ಜಾಗದಲ್ಲೇ ಇಟ್ಟ.

ಅಣ್ಣ ಬರೆಯಲು ಕೂತರೆ ನಿಬ್ಬು ಜಾರಿತು, ಸೋಪಿನ ನೀರು ಚೆಲ್ಲಿದ ನೆಲದ ಮೇಲೆ ಕಾಲು ಜಾರುವ ಹಾಗೆ. ಇಷ್ಟು ದಿನ ಆ ಪಳಗದ ಎಡಗೈಯನ್ನು ಹಿಡಿದು ನಿಲ್ಲಿಸುತ್ತಿದ್ದದ್ದೇ ಆ ಒರಟು. ಅಕ್ಷರಗಳು ದಿಕ್ಕಾಪಾಲಾದವು. ಅಣ್ಣ ತಮ್ಮನ ಕಡೆ ಒಮ್ಮೆ ನೋಡಿ, ಮುಚ್ಚಳ ಹಾಕಿ ಪೆನ್ನನ್ನು ಜೇಬಿಗೆ ಸೇರಿಸಿದ. ಆಮೇಲೆ ಅದನ್ನು ತೆಗೆಯಲೇ ಇಲ್ಲ.

ಅತ್ತಿಗೆ ಗಾಬರಿಯಾಗಿ ಡಾಕ್ಟರನ್ನು ಕರೆಸಿದಳು. ಅವರು ಎಡಗೈ ಒತ್ತಿ ನೋಡಿ, "ಕೈ ಮೊದಲಿನ ಹಾಗೇ ಇದೆಯಮ್ಮ. ಮನಸ್ಸಿಗೇ ಏನೋ ಆಗಿದೆ" ಎಂದು ಹೋದರು.

"ಯಾರ ಕಣ್ಣು ಬಿತ್ತೋ ಇವರ ಮೇಲೆ" ಎಂದು ಅತ್ತಿಗೆ ಅತ್ತಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಕಿವಿ ತನ್ನ ಬೆರಳು ನೋಡಿಕೊಂಡ.

ಬಾಯಿಬಿಟ್ಟದ್ದು ನನ್ನ ಹತ್ತಿರ. ಮುಖ ಬಾಡಿಹೋಗಿತ್ತು.

"ಒಂದು ನಿಬ್ಬು ಕೆಡಿಸಬೇಕು ಕಣೋ. ಆಗ್ತಾ ಇಲ್ಲ. ಒರಟು ಮಾಡ್ತೀನಿ, ನೋಡ್ತಾ ನೋಡ್ತಾ ಕೈ ಅದನ್ನೇ ನಯ ಮಾಡಿಬಿಡುತ್ತೆ."

"ಮೊದಲು ಅಣ್ಣನಿಗೆ ನಿಜ ಹೇಳು. ಅತ್ತಿಗೆ ಅನ್ನ ಬಿಟ್ಟು ಕೂತಿದಾರೆ, ನಿನಗೆ ನಿಬ್ಬಿನ ಚಿಂತೆ!" ಎಂದು ನಾನು ರೇಗಿದೆ.

"ನೀನೂ ಬಾ. ಒಬ್ಬನಿಗೇ ಧೈರ್ಯ ಸಾಲದು."

ಕಿವಿ, ತಿದ್ದಲಾಗದೆ ತಾನು ಪಕ್ಕಕ್ಕಿಟ್ಟಿದ್ದ ನಿಬ್ಬುಗಳ ಡಬ್ಬಿ ಹಿಡಿದು ಅಣ್ಣನ ಕಾಲ ಬಳಿ ಕೂತ. "ಅಣ್ಣಾ, ನಿಬ್ಬು ತೀಡಿದ್ದು ನಾನೇ. ತಪ್ಪಾಯ್ತು."

ಅತ್ತಿಗೆಯ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿತ್ತು. ಅಣ್ಣ ಮಾತ್ರ ಬೆರಗಾಗಲಿಲ್ಲ. ಜೇಬಿನ ಪೆನ್ನು ತೆಗೆದು ಕೊಟ್ಟ. ಕಿವಿ ಡಬ್ಬಿಯಲ್ಲೆಲ್ಲ ಅತಿ ಕೆಟ್ಟ ನಿಬ್ಬು ಆರಿಸಿ ಕೂರಿಸಿದ. ಮತ್ತೆ ಕರ್ ಕರ್. ನನಗೆ ಜೀವ ಬಂದ ಹಾಗಾಯಿತು. ಅಣ್ಣ ಬರೆದು ಚೀಟಿ ತಿರುಗಿಸಿದ:

'ಗೊತ್ತಿತ್ತು. ನಾನು ಬಾಯಿ ಮುಚ್ಚಲಿ ಅಂತ ಮಾಡಿದೆ ಅಂದ್ಕೊಂಡೆ. ಮುಚ್ಚಿದೆ.'

"ಅಲ್ಲ ಅಣ್ಣಾ" ಎನ್ನಲು ಕಿವಿ ಬಾಯಿ ತೆರೆದ. ಮಾತು ಹೊರಡಲಿಲ್ಲ. ಯಾಕೆ ಹೊರಡಲಿಲ್ಲ ಎಂದು ನಾನು ಕೇಳಲೂ ಇಲ್ಲ. ಆ ಗಿರಾಕಿ ನಕ್ಕ ದಿನ ಇವನ ಮುಖ ಕೆಂಪಾಗಿದ್ದು ನಾನೂ ನೋಡಿದ್ದೆ. ಅಣ್ಣ ಅವನ ತಲೆ ಸವರಿ ಇನ್ನೊಂದು ಸಾಲು ಬರೆದ: 'ಕ್ಲಿಪ್ಪು ಹಾಕ್ಕೋ. ಅಂಗಡಿ ಈಗ ನಿಂದು.'

ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಕ್ಲಿಪ್ಪು ಹಾಕಲಿಲ್ಲ, ಬೆಲೆಯೂ ಏರಲಿಲ್ಲ. ಅಣ್ಣ ಈಗ ಬರೆಯುತ್ತಾನೆ: ನೀರು ಕೇಳುತ್ತಾನೆ, ಅತ್ತಿಗೆಯನ್ನು ರೇಗಿಸುತ್ತಾನೆ. ಅಂಗಡಿಯ ವಿಷಯ ಮಾತ್ರ ಒಂದಕ್ಷರವೂ ಇಲ್ಲ. ಲೇತಿನ ಎಣ್ಣೆಯನ್ನು ಕಿವಿ ಬೇಕೆಂದೇ ಬಿಡದೆ ನೋಡಿದ, ಅದಕ್ಕೂ ಬೈಗುಳ ಬರಲಿಲ್ಲ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹೊಸ ಪೆನ್ನೊಂದನ್ನು ಅಣ್ಣನ ಮುಂದಿಟ್ಟು, "ಇದಕ್ಕೆ ಎಷ್ಟು ಹೇಳಲಿ ಅಣ್ಣಾ?" ಎಂದು ಕೇಳುತ್ತಾನೆ. ಅಣ್ಣ ನಕ್ಕು, ನಿನ್ನಿಷ್ಟ ಎಂದು ಕೈ ಆಡಿಸುತ್ತಾನೆ. ಕಿವಿ ಕೂಡಲೇ ಏಳುವುದಿಲ್ಲ. ನಿಬ್ಬಿನ ಸದ್ದು ಕೇಳುವಾಗಿನ ಹಾಗೆ ತಲೆ ವಾಲಿಸಿಕೊಂಡು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತಿರುತ್ತಾನೆ.