ಸಿಪ್ಪೆ ಒಲೆಯ ಅಮ್ಮಾಜಮ್ಮ

೧೯೩೨ರ ಮಾಗಿಯಲ್ಲಿ, ಬಂಗಾರಪೇಟೆ ಹತ್ತಿರದ ದೊಡ್ಡವೆಂಕಟಪ್ಪನ ಆಲೆಮನೆಯಲ್ಲಿ ಎರಡು ಕೊಪ್ಪರಿಗೆ ಬೆಲ್ಲದ ಪಾಕ ಸಾಲಾಗಿ ಸೀದುಹೋಯಿತು. ಎರಡಕ್ಕೂ ಬೈಸಿಕೊಂಡವಳು ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಅಮ್ಮಾಜಮ್ಮ.

ಒಲೆಯ ಬಾಯಿ ಗೋಡೆಯ ಹಿಂದೆ, ತಗ್ಗಿನಲ್ಲಿ. ಅಲ್ಲಿ ಕೂತವಳಿಗೆ ಕೊಪ್ಪರಿಗೆ ಕಾಣದು. ಮೇಲೆ ಪಾಕ ನೋಡುವ ಕೋದಂಡಪ್ಪ ಕೂಗಿದಂತೆ ಹಾಕಬೇಕು, ಇಲ್ಲವೆ ಎಳೆಯಬೇಕು. ಸಿಪ್ಪೆ ಒಣಗಿದ್ದಷ್ಟು ದಿನ ಅದು ನಡೆಯಿತು. ಆ ವಾರ ಸೋನೆ ಹಿಡಿದು ಸಿಪ್ಪೆ ನೆನೆದಿತ್ತು. ಹಾಕಿದ್ದು ಹೊಗೆಯಾಡಿ, ಹೊತ್ತಿ, ಕಾವು ಮೇಲೇರುವಷ್ಟರಲ್ಲಿ ಕೋದಂಡಪ್ಪ ಇನ್ನೆರಡು ಸಲ ಕೂಗಿರುತ್ತಿದ್ದ.

"ಈ ಪಾಕಾನೂ ಸೀದ್ರೆ ನಾಳೆಯಿಂದ ಬರ್ಬ್ಯಾಡ," ಎಂದು ದೊಡ್ಡವೆಂಕಟಪ್ಪ ಬೆಳಿಗ್ಗೆಯೇ ಹೇಳಿದ್ದ. ಆ ಕಾಲಕ್ಕೆ ಅವಳಿಗೆ ಬೇರೆ ಕೂಲಿ ಇರಲಿಲ್ಲ.

"ಆಕಮ್ಮೋ, ಕುದಿ ಇಳೀತು!" ಮೇಲಿಂದ ಕೋದಂಡಪ್ಪನ ಕೂಗು.

ಹಾಕಿದಳು.

"ಇನ್ನೂ ಆಕು! ನಿದ್ದೆ ಒಡೀತಿದ್ದೀಯಾ?"

ಇನ್ನೆರಡು ಹೊರೆ ತಳ್ಳಿದಳು. ಎಲ್ಲ ಒಟ್ಟಿಗೆ ಹೊತ್ತಿಕೊಂಡಿತು.

"ಉಕ್ತು! ತೆಗಿ, ತೆಗಿ!"

ಕೆಂಡ ಎಳೆಯುವಾಗ ಮುಂಗೈ ಸುಟ್ಟಿತು. ಉಕ್ಕು ಇಳಿಯಿತು, ಹಿಂದೆಯೇ ಕುದಿಯೂ ಸತ್ತಿತು. ಮತ್ತೆ "ಆಕು!" ಪ್ರತಿ ಸುತ್ತಿಗೂ ಉಕ್ಕು ಇನ್ನಷ್ಟು ಮೇಲೆ, ಕುಸಿತ ಇನ್ನಷ್ಟು ಕೆಳಗೆ.

ಮನೆಯಲ್ಲಿ ಏಳು ಜನಕ್ಕೆ ಮುದ್ದೆ ಬೇಯಿಸುವಾಗ ಅವಳಿಗೆ ಯಾರೂ ಕೂಗಿ ಹೇಳುತ್ತಿರಲಿಲ್ಲ. ಎಸರು ಉಕ್ಕುವ ಮೊದಲೇ ಕೈ ಸೌದೆಯನ್ನು ಹಿಂದಕ್ಕೆಳೆದಿರುತ್ತಿತ್ತು. ಹಸಿ ಸೌದೆಯಾದರೆ ಇನ್ನೂ ಮೊದಲು. ಅದನ್ನು ಯಾರೂ ಕಸುಬೆಂದು ಕರೆದಿರಲಿಲ್ಲ, ಅವಳೂ ಕೂಡ.

ಮುಂದಿನ ಕೂಗಿಗೆ ಒಂದೇ ಹಿಡಿ ಹಾಕಿ ಕೈಕಟ್ಟಿ ಕೂತಳು.

"ಆಕೇ ಅಂದ್ರೆ! ಕಿವೀನ ಮಾರಿಕುಪ್ಪಂ ರೈಲಿಗೆ ಅತ್ತಿಸಿ ಕಳಿಸಿದ್ದೀಯಾ?"

"ಆಕಿದ್ದೀನಣ್ಣ. ಕಾವು ಇನ್ನೂ ನಿನ್ನತ್ರ ಬಂದಿಲ್ಲ."

"ಗೌಡ್ರೇ, ನೋಡಿ ಇವಳ ಕೊಬ್ಬ!"

ದೊಡ್ಡವೆಂಕಟಪ್ಪ ತಗ್ಗಿಗಿಳಿದು ಬಂದ. ಅವನಿಗೆ ಕಂಡದ್ದು ಸುಮ್ಮನೆ ಕೂತ ಕೂಲಿ ಹೆಂಗಸು. "ಎದ್ದೋಗು. ಬೇರೆಯವ್ರು ಆಕ್ತಾರೆ."

ಅಮ್ಮಾಜಮ್ಮ ಒಲೆಯ ಬಾಯಿಯನ್ನೇ ನೋಡುತ್ತಿದ್ದಳು. ಏಳಲಿಲ್ಲ. ಹೊಗೆ ತೆಳುವಾಗಿ ಉರಿ ಎದ್ದಿತು. ಇನ್ನೊಂದೇ ಹಿಡಿ ಹಾಕಿದಳು.

"ಏನ್ಲಾ ಕೋದಂಡಾ, ಏಂಗೈತೆ?"

ಮೇಲೆ ಸೌಟು ಕೊಪ್ಪರಿಗೆಗೆ ತಾಗಿದ ಸದ್ದು ಕೇಳಿತು. "ಒಂದೇ ಸಮ ಕುದೀತೈತೆ, ಗೌಡ್ರೇ."

ದೊಡ್ಡವೆಂಕಟಪ್ಪ ಅಲ್ಲೇ ನಿಂತ. ಹಿಡಿ, ಕಾಯುವುದು, ಹಿಡಿ. ಬಹಳ ಹೊತ್ತಿನ ಮೇಲೆ ಅವಳೇ ಕೂಗಿದಳು: "ಗುಳ್ಳೆ ಎಂಥದಣ್ಣಾ?"

"ದಪ್ಪ ಆಗ್ತೈತೆ."

ಕೂಡಲೇ ಬೆಂಕಿಯನ್ನೆಲ್ಲ ಹೊರಗೆಳೆದಳು.

"ಅಯ್ಯೋ, ಇನ್ನೂ ಅದ ಬಂದಿಲ್ಲ ಕಣೇ!" ಎಂದು ಕೋದಂಡಪ್ಪ ಅರಚಿದ. ಒಲೆಯ ಗೋಡೆಗಳಲ್ಲಿ ಉಳಿದ ಕಾವಿಗೇ ಪಾಕ ಹದಕ್ಕೆ ಬಂತು. ಅಚ್ಚಿಗೆ ಸುರಿದಾಗ ಬೆಲ್ಲ ಹೊಂಬಣ್ಣಕ್ಕಿತ್ತು.

"ನಾಳೆ ಬೇಗ ಬಾ," ಎಂದ ದೊಡ್ಡವೆಂಕಟಪ್ಪ.

"ಬತ್ತೀನಿ ಗೌಡ್ರೇ. ಆದ್ರೆ ಅಣ್ಣ ಪಾಕ ಏಂಗೈತೆ ಅಂತ ಮಾತ್ರ ಕೂಗ್ಲಿ. ಒಲೆಗೆ ಎಷ್ಟಾಕ್ಬೇಕು ಅಂತ ಕೂಗೋದ್ ಬ್ಯಾಡ."